ಅಜ್ಜ ಹೇಳಿದ ನೆನಪು ಇತಿಹಾಸವಾಗುವುದು ಹೇಗೆ?



ಇತಿಹಾಸದ ಆರಂಭದ ಪಾಠಗಳಲ್ಲೇ ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ ಎಂದು ನೀವು ಓದುತ್ತೀರಿ. ಶಾಸನ, ನಾಣ್ಯ, ಸ್ಮಾರಕ, ವಿದೇಶಿ ಪ್ರವಾಸಿಗರ ಬರಹ ಎಂದು ಕೇಳಿದ ಕೂಡಲೇ ಪಟಪಟನೆ ಹೇಳುತ್ತೀರಿ. ಆದರೆ ಇನ್ನೊಂದು ಆಧಾರ ನಿಮ್ಮ ಮನೆಯ ಪಡಸಾಲೆಯಲ್ಲೇ ಕುಳಿತಿರುತ್ತದೆ. ಅದು ಹಿರಿಯರ ನೆನಪು. ಇದನ್ನು ಕೇಳಿ, ಬರೆದುಕೊಂಡು, ಪರೀಕ್ಷಿಸಿ ಕಟ್ಟುವ ಚರಿತ್ರೆಗೆ ಮೌಖಿಕ ಇತಿಹಾಸ ಎನ್ನುತ್ತಾರೆ. ಈ ವಿಷಯವನ್ನು ತರಗತಿಯಲ್ಲಿ ನಾನು ಹಲವು ವರ್ಷ ಹೇಳಿದ್ದೇನೆ. ಆದರೂ ಕಳೆದ ವರ್ಷ ನಾನೇ ಇದರಲ್ಲಿ ನಪಾಸಾದೆ. ಆ ತಪ್ಪಿನಿಂದಲೇ ಇಂದಿನ ಪಾಠ ಆರಂಭಿಸುತ್ತೇನೆ.

1. ಏಳು ಜನ, ನಾಲ್ಕು ಊರು

ನಾವು ಏಳು ಜನ ಮೊಬೈಲಿನಲ್ಲೇ ಪರಿಚಯವಾದ ಗೆಳೆಯರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಮ್ಮ ಮೂಲ ಊರುಗಳು. ಈಗ ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಉಳಿದವರು ಇಲ್ಲಿಯೇ ಸುತ್ತಮುತ್ತ ಇದ್ದೇವೆ. ಒಬ್ಬರ ಮುಖ ಒಬ್ಬರು ನೇರ ನೋಡಿಲ್ಲ. ರಾತ್ರಿ ಊಟವಾದ ಮೇಲೆ ಒಬ್ಬರು ಅಜ್ಜಿಯ ಕೈಯ ಜೋಳದ ರೊಟ್ಟಿಯ ಮಾತು ತೆಗೆದರೆ, ಇನ್ನೊಬ್ಬರು ಮನೆಯ ಮಗ್ಗದ ಸದ್ದನ್ನು ನೆನೆಯುತ್ತಾರೆ. ಹೀಗೆ ನಮ್ಮ ಗೆಳೆತನ ಬೆಳೆಯಿತು.

ಒಂದು ದಿನ ರಬಕವಿಯ ಗೆಳೆಯ ತನ್ನ ಅಜ್ಜನ ಮಾತನ್ನು ಬರೆದ. ಅಜ್ಜನಿಗೆ ತೊಂಬತ್ತರ ಹತ್ತಿರ ವಯಸ್ಸು. ಬಾಲ್ಯದಲ್ಲಿ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತಿದವರು. “ನಮ್ಮ ರಾಜರು ಸಾಂಗಲ್ಯಾಗ ಇದ್ದರು” ಎಂದು ಅವರು ಹೇಳಿದ್ದರು. ಬನಹಟ್ಟಿಯ ಅಕ್ಕ ಕೂಡಲೇ ತಿದ್ದಿದರು: “ಇಲ್ಲ, ನಮ್ಮ ರಾಜರು ಜಮಖಂಡಿಯವರು. ನಿಮ್ಮ ಊರೂ ನಮ್ಮ ಊರೂ ಅಂಟಿಕೊಂಡೇ ಇವೆ. ರಾಜರು ಬೇರೆ ಬೇರೆ ಹೇಗೆ ಆಗ್ತಾರೆ?”

ಇತಿಹಾಸದ ಮಾಸ್ತರ ಎಂದು ಎಲ್ಲರೂ ನನ್ನ ಉತ್ತರ ಕಾದರು. ನಾನು ಯಾವ ಪುಸ್ತಕವನ್ನೂ ತೆರೆಯದೆ ಬರೆದುಬಿಟ್ಟೆ: “ಅಕ್ಕ ಹೇಳಿದ್ದು ಸರಿ. ಅಜ್ಜನವರಿಗೆ ವಯಸ್ಸಾಯಿತು, ನೆನಪು ಕಲಸಿರಬೇಕು.”

ಗೆಳೆಯ ಅದನ್ನು ಅಜ್ಜನಿಗೆ ಓದಿ ಹೇಳಿದನಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಸ್ತರರಿಗೆ ಹೇಳಪಾ, ನನ್ನ ಕಡೆ ಪಾವತಿ ಐತಿ” ಎಂದರಂತೆ. ಮರುದಿನ ಒಂದು ಫೋಟೊ ಬಂತು. ಮಡಿಕೆಗಳಲ್ಲಿ ಹರಿದ, ಮರಾಠಿಯಲ್ಲಿ ಬರೆದ ಹಳೆಯ ಪಾವತಿ. ಅದರ ಮೇಲ್ಭಾಗದಲ್ಲಿ ಸಾಂಗಲಿ ಸಂಸ್ಥಾನದ ಹೆಸರಿತ್ತು. ಅದಾದ ಮೇಲೆ ಗೆಳೆಯ ಎರಡು ತಿಂಗಳು ಒಂದು ಮಾತೂ ಆಡಲಿಲ್ಲ.

2. ಇಬ್ಬರೂ ಸರಿ ಇದ್ದರು

ಆಮೇಲೆ ನಾನು ಹಳೆಯ ಗೆಜೆಟಿಯರ್ ತೆಗೆದು ನೋಡಿದೆ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಎರಡೂ ಕಡೆ ಆಳಿದವರು ಪಟವರ್ಧನ ಮನೆತನದವರೇ. ಆದರೆ ಗಾದಿ ಬೇರೆ, ಕಚೇರಿ ಬೇರೆ. ಮುಧೋಳದಲ್ಲಿ ಘೋರ್ಪಡೆ ಮನೆತನದ ಆಳ್ವಿಕೆ. ಬೀಳಗಿ ಬ್ರಿಟಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದೇ ಜಿಲ್ಲೆಯಲ್ಲಿರುವ, ಬಸ್ಸಿನಲ್ಲಿ ಒಂದೆರಡು ತಾಸಿನ ಈ ಊರುಗಳು ಅಂದು ನಾಲ್ಕು ಆಡಳಿತಗಳ ಕೆಳಗಿದ್ದವು. ಈಗ ಒಂದೇ ನಗರಸಭೆಯಾಗಿರುವ ರಬಕವಿ-ಬನಹಟ್ಟಿಯ ನಡುವೆಯೇ ಎರಡು ಸಂಸ್ಥಾನಗಳ ಗಡಿ ಹಾದುಹೋಗಿತ್ತು.

ನನ್ನ ತಪ್ಪು ಏನು? ಇಂದಿನ ನಕ್ಷೆಯನ್ನು ಹಿಡಿದು ಅಂದಿನ ನೆನಪನ್ನು ಅಳೆದೆ. ಮೌಖಿಕ ಇತಿಹಾಸದ ಮೊದಲ ನಿಯಮ ಇಲ್ಲಿದೆ: ಎರಡು ನೆನಪುಗಳು ಹೊಂದದಿದ್ದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಬೇಡಿ. ಇಬ್ಬರೂ ಎಲ್ಲಿ ನಿಂತು, ಯಾವ ಕಾಲದಲ್ಲಿ ನೋಡಿದರು ಎಂದು ಮೊದಲು ಕೇಳಿ.

3. ಇಸವಿ ಕೇಳಬೇಡಿ, ಗುರುತು ಕೇಳಿ

“ಅಜ್ಜೀ, ನಿಮ್ಮ ಮದುವೆ ಯಾವ ಇಸವಿಯಲ್ಲಾಯಿತು?” ಎಂದರೆ “ನಂಗೇನ ಗೊತ್ತವ್ವಾ” ಎಂಬ ಉತ್ತರ ಬರುತ್ತದೆ. ಹಿರಿಯರ ನೆನಪಿನಲ್ಲಿ ಕಾಲಕ್ಕೆ ಅಂಕಿ ಇರುವುದಿಲ್ಲ, ಗುರುತು ಇರುತ್ತದೆ. ನಮ್ಮ ಭಾಗದ ಮಟ್ಟಿಗೆ ಈ ಗುರುತುಗಳನ್ನು ಬರೆದಿಟ್ಟುಕೊಳ್ಳಿ:

1948ರ ಮಾರ್ಚ್ 8: ಜಮಖಂಡಿ, ಮುಧೋಳ, ಸಾಂಗಲಿ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ವಿಲೀನವಾದವು. ಹಿರಿಯರು ಇದನ್ನು “ರಾಜರು ಹೋದದ್ದು” ಎನ್ನುತ್ತಾರೆ.

1956ರ ನವೆಂಬರ್ 1: ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು.

1957ರ ಏಪ್ರಿಲ್ 1: ರೂಪಾಯಿಗೆ 16 ಆಣೆ ಹೋಗಿ 100 ಹೊಸ ಪೈಸೆ ಬಂದವು.

1964ರ ಮೇ 22: ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು.

1972-73: ದೊಡ್ಡ ಬರಗಾಲ.

1973ರ ನವೆಂಬರ್ 1: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು.

1989: ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಮತ್ತು ಶ್ರಮ ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು.

1997ರ ಆಗಸ್ಟ್ 15: ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು.

ಬನಹಟ್ಟಿಯ ಅಕ್ಕ ಇದನ್ನು ತಮ್ಮ ಅಜ್ಜಿಯ ಮೇಲೆ ಪ್ರಯೋಗ ಮಾಡಿದರು. “ರಾಜರು ಹೋದ ಮ್ಯಾಲೆ ನನ್ನ ಲಗ್ನ. ಹೊಸ ಪೈಸೆ ಇನ್ನೂ ಬಂದಿರಲಿಲ್ಲ” ಎಂದರು ಅಜ್ಜಿ. ಅಂದರೆ 1948 ಮತ್ತು 1957ರ ನಡುವೆ. ಇಸವಿಯೇ ಗೊತ್ತಿಲ್ಲದ ಮದುವೆ ಎರಡು ಪ್ರಶ್ನೆಯಲ್ಲಿ ಒಂಬತ್ತು ವರ್ಷದೊಳಗೆ ಬಂತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಹೊಸ ಪೈಸೆ ಬಂದು ಎಷ್ಟೋ ವರ್ಷಗಳ ಮೇಲೂ ಜನ 25 ಪೈಸೆಗೆ ನಾಲ್ಕಾಣೆ ಎಂದೇ ಅನ್ನುತ್ತಿದ್ದರು. ಆದ್ದರಿಂದ ಅಜ್ಜಿ “ಆಣೆ” ಎಂದರು ಎಂಬ ಒಂದೇ ಕಾರಣಕ್ಕೆ ಅದು 1957ಕ್ಕಿಂತ ಹಿಂದಿನ ಸಂಗತಿ ಎಂದು ಬರೆಯಬಾರದು.

4. ಯಾರಿಂದ ಕೇಳಿದ್ದು?

ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು ನೋಡುತ್ತಿದ್ದರು. ಇದಕ್ಕೆ ಇಸ್ನಾದ್ ಎಂದು ಹೆಸರು. 9ನೇ ಶತಮಾನದಲ್ಲಿ ಇಮಾಮ್ ಬುಖಾರಿಯವರು ಊರೂರು ತಿರುಗಿ ಸಂಗ್ರಹಿಸಿದ್ದು ಹೀಗೆ. ಸುದ್ದಿ ಬಂದಾಗ ಪರಿಶೀಲಿಸದೆ ನಡೆದುಕೊಂಡು ಆಮೇಲೆ ಪಶ್ಚಾತ್ತಾಪ ಪಡಬೇಡಿರಿ ಎಂಬ ಬೋಧೆ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನಲ್ಲಿದೆ. ನನ್ನ ಪ್ರಸಂಗಕ್ಕೆ ಇದಕ್ಕಿಂತ ಹತ್ತಿರದ ಮಾತು ಸಿಗಲಾರದು.

ಮನೆಯ ನೆನಪಿಗೂ ಈ ಸರಪಳಿ ಬೇಕು. ಉದಾಹರಣೆಗೆ, ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಹೆಸರು ಕೇಳಿದ್ದೀರಿ. ಅವರು, ಅವರ ಸೋದರಿ ಗೋಹರಬಾಯಿ ಇಬ್ಬರೂ ಬೀಳಗಿಯಿಂದ ಹೊರಟು ನಾಟಕ, ಸಿನಿಮಾಗಳಲ್ಲಿ ಹೆಸರು ಮಾಡಿದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅಮೀರಬಾಯಿ ದೇಶಕ್ಕೆಲ್ಲ ಪರಿಚಿತರಾದರು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದಿದ್ದಾರೆ. ನಮ್ಮ ಬೀಳಗಿಯ ಗೆಳೆಯನ ಮನೆಯಲ್ಲಿ, “ನಮ್ಮ ಓಣಿಯ ಮದುವೆಯಲ್ಲಿ ಅಮೀರಬಾಯಿ ಹಾಡಿದ್ದರು” ಎಂಬ ಮಾತಿದೆ. ಕೇಳಿದ್ದು ಅವನ ಮುತ್ತಜ್ಜಿ, ಹೇಳಿದ್ದು ಅವನ ಅಜ್ಜಿಗೆ, ಅಜ್ಜಿಯಿಂದ ಅವನಿಗೆ. ಇದನ್ನು “ಅಮೀರಬಾಯಿ ಆ ಮದುವೆಯಲ್ಲಿ ಹಾಡಿದರು” ಎಂದು ಬರೆಯುವುದು ತಪ್ಪು. “ಮುತ್ತಜ್ಜಿ ಕೇಳಿದ್ದಾಗಿ ಅಜ್ಜಿ ಹೇಳುತ್ತಿದ್ದರು” ಎಂದು ಬರೆಯುವುದು ಸರಿ. ಹೀಗೆ ಬರೆದರೆ ಅಜ್ಜಿಯ ಮಾತಿಗೆ ಗೌರವವೂ ಉಳಿಯಿತು, ಇತಿಹಾಸಕ್ಕೆ ಮೋಸವೂ ಆಗಲಿಲ್ಲ.

ನಿಮ್ಮ ವಹಿಯಲ್ಲಿ ಮೂರು ಕಾಲಮ್ ಹಾಕಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಪ್ರತಿ ಮಾತನ್ನೂ ಇವುಗಳಲ್ಲೊಂದರ ಕೆಳಗೆ ಬರೆಯಿರಿ.

5. ಕಾಗದದಲ್ಲಿ ಇಲ್ಲದ್ದು

ಹಾಗಾದರೆ ಕಾಗದವೇ ಸಾಕಲ್ಲ, ನೆನಪು ಏಕೆ ಎಂದು ಕೇಳಬಹುದು. ನನ್ನ ನಾನಿಯ ಊರು ಬೀಳಗಿಯ ಕಡೆ ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದು ಮುಳುಗಿತು. ಪರಿಹಾರದ ಕಾಗದದಲ್ಲಿ ಮನೆಯ ಅಳತೆ ಇದೆ, ಗೋಡೆ ಕಲ್ಲಿನದೋ ಮಣ್ಣಿನದೋ ಎಂಬುದೂ ಇದೆ. ಸಂಜೆ ಆ ಕಟ್ಟೆಯ ಮೇಲೆ ಯಾರು ಯಾರು ಕೂಡುತ್ತಿದ್ದರು ಎಂಬುದಿಲ್ಲ. ನಾನಿಯ ತಂದೆ-ತಾಯಿಯ ಕಬರ್‌ಗಳು ಎಲ್ಲಿದ್ದವು ಎಂಬುದೂ ಇಲ್ಲ. ನಾನಿ ಇದ್ದಾಗ ನಾನು ಕೇಳಲಿಲ್ಲ. ಈಗ ಹೇಳಲು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಈ ಮಾತನ್ನು ಗೆಳೆಯರಿಗೆ ಹೇಳಿದಾಗ ಬೀಳಗಿಯ ಗೆಳೆಯ ತನ್ನ ತಂದೆಯನ್ನು ಕೇಳಿದ. ಅವರದು ಪಕ್ಕದ ಊರು. ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರನ್ನು ಬರೆದು ಕಳಿಸಿದರು: ಹೊಳೆ, ಮಸೀದಿ, ಹಣಮಪ್ಪನ ಗುಡಿ, ಬೇವಿನ ಮರ, ಅದರ ಆಚೆ ಕಬರಸ್ತಾನ. ನನ್ನ ತಾಯಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮರದ ಈಚೆಗೆ ಬೆರಳಿಟ್ಟು “ಇಲ್ಲಿ ನಮ್ಮ ಬಾವಿ ಇತ್ತು” ಎಂದರು. ಒಂದು ನೆನಪು ಇನ್ನೊಂದನ್ನು ಎಬ್ಬಿಸಿತು.

ಆಲಮಟ್ಟಿಯಲ್ಲಿ ಈಗ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸುತ್ತಾರೆ. 524.256 ಮೀಟರ್‌ವರೆಗೆ ನಿಲ್ಲಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಆ ಮಟ್ಟಕ್ಕೆ ನೀರು ಬಂದರೆ ಇನ್ನಷ್ಟು ಊರುಗಳು ಹೋಗುತ್ತವೆ. ನಿಮ್ಮಲ್ಲಿ ಹಲವರ ಅಜ್ಜ-ಅಜ್ಜಿಯರ ಮನೆಗಳು ಆ ಊರುಗಳಲ್ಲಿರಬಹುದು. ಊರು ಇರುವಾಗಲೇ ಅದರ ಕಥೆ ಬರೆದುಕೊಳ್ಳುವ ಅವಕಾಶ ನಿಮಗಿದೆ.

6. ಭೇಟಿಯ ಮೊದಲು

ನಾನು ರಬಕವಿಯ ಗೆಳೆಯನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅಜ್ಜನ ಜೊತೆಗೂ ಮಾತಾಡಿಸು ಎಂದೆ. ಅಜ್ಜನಿಗೆ ಕಿವಿ ಮಂದ, ಫೋನಿನಲ್ಲಿ ಆಗುವುದಿಲ್ಲ. “ಬಂದು ಮಾತಾಡ್ರಿ ಅನ್ನು” ಎಂದರಂತೆ. ಹೀಗಾಗಿ ದಸರಾ ರಜೆಯ ಒಂದು ಭಾನುವಾರ ಏಳೂ ಜನ ರಬಕವಿಯ ಅವರ ಮನೆಯಲ್ಲಿ ಸೇರುತ್ತೇವೆ. ಬನಹಟ್ಟಿಯ ಅಕ್ಕ ಪುಣೆಯಿಂದ ತಾಯಿಯನ್ನೂ ಕರೆದುಕೊಂಡು ಬರುತ್ತಾರೆ. ಆ ಭೇಟಿಗೆ ನಾವು ಮಾಡಿಕೊಂಡ ಕಟ್ಟಳೆಗಳು ನಿಮಗೂ ಉಪಯೋಗಕ್ಕೆ ಬರುತ್ತವೆ:

- ಮೊಬೈಲಿನಲ್ಲಿ ಪರಿಚಯವಾದವರನ್ನು ಮೊದಲ ಸಲ ಒಬ್ಬರೇ ಹೋಗಿ ಭೇಟಿಯಾಗಬೇಡಿ. ಮನೆಯವರಿಗೆ ತಿಳಿಸಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ನಾಲ್ಕು ಜನ ಇರುವ ಕಡೆ ಸೇರಿ. ನಾವೂ ಎರಡೂ ಮನೆಯ ಹಿರಿಯರು ಫೋನಿನಲ್ಲಿ ಮಾತಾಡಿದ ಮೇಲೆಯೇ ದಿನ ಗೊತ್ತು ಮಾಡಿದೆವು.
- ಹಿರಿಯರ ಧ್ವನಿ ಮುದ್ರಿಸುವ ಮೊದಲು ಕೇಳಿ. “ಇದನ್ನ ಬರೀಬ್ಯಾಡ” ಎಂದರೆ ಬರೆಯಬೇಡಿ.
- ಮನೆಯ ಹೆಣ್ಣುಮಕ್ಕಳ ಹಳೆಯ ಫೋಟೊಗಳನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕಳಿಸಬೇಡಿ.
- ಹಳೆಯ ಕಾಗದವನ್ನು ಕೇಳಿ ಒಯ್ಯಬೇಡಿ. ಅಲ್ಲೇ ಫೋಟೊ ತೆಗೆದು ವಾಪಸ್ ಕೊಡಿ.
- ಹಿರಿಯರು ತಪ್ಪು ಹೇಳಿದರು ಎನಿಸಿದರೆ ನಡುವೆ ತಿದ್ದಬೇಡಿ. “ಆಮ್ಯಾಲೆ ಏನಾತು?” ಎಂದು ಕೇಳಿ. ಪರೀಕ್ಷೆ ಮನೆಗೆ ಬಂದ ಮೇಲೆ.

ನಾನು ಒಂದು ಹೊಸ ವಹಿ ತೆಗೆದಿಟ್ಟಿದ್ದೇನೆ. ಅಜ್ಜನ ಮುಂದೆ ಕುಳಿತಾಗ ಮೊದಲು ಕ್ಷಮೆ ಕೇಳುತ್ತೇನೆ. ಆಮೇಲೆ ಆ ಪಾವತಿಯನ್ನು ಅವರ ಬಾಯಿಂದಲೇ ಓದಿಸುತ್ತೇನೆ.

ಅಭ್ಯಾಸ

1. ನಿಮ್ಮ ಮನೆಯ ಅಥವಾ ಓಣಿಯ ಅತ್ಯಂತ ಹಿರಿಯರೊಬ್ಬರ ಜೊತೆ ಅರ್ಧ ತಾಸು ಕೂಡಿ. ಅವರ ಬಾಲ್ಯದ ಒಂದು ಘಟನೆಯನ್ನು ಅವರ ಮಾತಿನಲ್ಲೇ ಬರೆಯಿರಿ.
2. ಮೇಲಿನ ಗುರುತುಗಳಿಂದ ಆ ಘಟನೆ ಯಾವ ಎರಡು ವರ್ಷಗಳ ನಡುವೆ ನಡೆಯಿತು ಎಂದು ಕಂಡುಹಿಡಿಯಿರಿ.
3. ಅದೇ ಘಟನೆಯನ್ನು ಇನ್ನೊಬ್ಬ ಹಿರಿಯರ ಬಳಿ ಕೇಳಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಬರೆಯಿರಿ. ಯಾರು ಸರಿ ಎಂದು ಬರೆಯುವ ಅವಸರ ಬೇಡ.

ಬರೆದದ್ದನ್ನು ರಜೆ ಮುಗಿದ ಮೇಲೆ ಇತಿಹಾಸ ವಿಭಾಗಕ್ಕೆ ತಂದುಕೊಡಿ. ನನ್ನ ವಹಿಯನ್ನೂ ಅಂದೇ ನಿಮ್ಮ ಮುಂದೆ ಇಡುತ್ತೇನೆ.