ಕಂಬಳದ ಪ್ರವೇಶ ದರ ಮತ್ತು ಎಳೆಯ ಕುಟುಂಬಗಳು: ಬೆಲೆ ನಿರ್ಣಯದ ಒಂದು ಪಾಠ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಭಾಗದ ವರ್ತಕರಿಗೆ ಕಂಬಳವು ಜನಪದ ಕ್ರೀಡೆ ಮಾತ್ರವಲ್ಲ. ನವೆಂಬರ್‌ನಿಂದ ಬೇಸಿಗೆಯ ಆರಂಭದವರೆಗೆ ವಾರಾಂತ್ಯಗಳಲ್ಲಿ ನಡೆಯುವ ಒಂದು ಸಂಚಾರಿ ಮಾರುಕಟ್ಟೆಯೂ ಹೌದು. ಮೂಡುಬಿದಿರೆಯ ಕಡಲಕೆರೆ ನಿಸರ್ಗಧಾಮದ ಕೋಟಿ-ಚೆನ್ನಯ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಬೆಳ್ತಂಗಡಿ ತಾಲೂಕಿನ ವೇಣೂರಿನ ಸೂರ್ಯ-ಚಂದ್ರ ಮೊದಲಾದ ಜೋಡುಕರೆಗಳ ಸುತ್ತ ಚರುಮುರಿ, ಗೋಳಿಬಜೆ, ಸೀಯಾಳ, ಐಸ್‌ಕ್ರೀಂ, ಆಟಿಕೆಗಳ ಅಂಗಡಿಗಳು ತಲೆಯೆತ್ತುತ್ತವೆ. ಶಾಮಿಯಾನ, ಧ್ವನಿವರ್ಧಕ, ವಿದ್ಯುತ್ ದೀಪಾಲಂಕಾರ, ಮುದ್ರಣ, ವಾಹನ ಬಾಡಿಗೆ ಮುಂತಾದ ಉದ್ಯಮಗಳಿಗೂ ಕೆಲಸ ದೊರೆಯುತ್ತದೆ.

ಕಂಬಳ ನೋಡಲು ಬರುವವರಿಂದ ಪ್ರವೇಶ ಶುಲ್ಕ ಪಡೆಯದಿರುವುದು ಊರಿನ ರೂಢಿ. ಖರ್ಚು ಏರುತ್ತಿರುವಾಗ ಈ ರೂಢಿಯನ್ನು ಮುಂದುವರಿಸಬೇಕೇ, ಟಿಕೆಟ್ ಇಡಬೇಕೇ, ಇಟ್ಟರೆ ಚಿಕ್ಕ ಮಕ್ಕಳಿರುವ ಕುಟುಂಬಗಳು ಬಂದಾವೇ ಎಂಬುದು ಸಹಜವಾದ ಪ್ರಶ್ನೆ. ಯಾವುದೇ ಸರಕಿಗೆ ಬೆಲೆ ಕಟ್ಟುವಾಗ ವ್ಯಾಪಾರಿಯು ಅನುಸರಿಸುವ ಕ್ರಮದಲ್ಲಿಯೇ ಈ ಪ್ರಶ್ನೆಯನ್ನೂ ಪರಿಶೀಲಿಸುವುದು ಉಚಿತ.

ಹಿನ್ನೆಲೆ

2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2016ರ ನವೆಂಬರ್‌ನಲ್ಲಿ ರಾಜ್ಯ ಉಚ್ಚ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಕಂಬಳಕ್ಕೆ ತಡೆ ಉಂಟಾಯಿತು. 2017ರಲ್ಲಿ ರಾಜ್ಯ ಸರ್ಕಾರವು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಹೀಗೆ ಸುಮಾರು ಒಂಬತ್ತು ವರ್ಷಗಳ ಅನಿಶ್ಚಿತತೆ ಕೊನೆಗೊಂಡಿತು.

ಇದೇ ಅವಧಿಯಲ್ಲಿ ಕಂಬಳಕ್ಕೆ ಹೊಸ ನೋಟಕರೂ ದೊರೆತರು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿ ದೇಶವಿಡೀ ಹರಡಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು. 2022ರ ‘ಕಾಂತಾರ’ ಚಲನಚಿತ್ರ ಹಾಗೂ 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳ ಈ ಕುತೂಹಲವನ್ನು ಮತ್ತಷ್ಟು ಬೆಳೆಸಿದವು. ಕುತೂಹಲದಿಂದ ಒಮ್ಮೆ ಬಂದವರು ಪ್ರತಿ ವರ್ಷ ಬರುವಂತೆ ಮಾಡುವುದು ಇನ್ನು ಸ್ಥಳೀಯರ ಹೊಣೆ. ಇಂದು ತಂದೆಯ ಹೆಗಲ ಮೇಲೆ ಕುಳಿತು ಕೋಣಗಳ ಓಟ ನೋಡಿದ ಮಗುವೇ ಇಪ್ಪತ್ತು ವರ್ಷಗಳ ಬಳಿಕ ಕೋಣ ಸಾಕುವ ಯಜಮಾನನೋ, ಸಮಿತಿಯ ಕಾರ್ಯಕರ್ತನೋ, ದಾನಿಯೋ ಆಗಬೇಕಾದವನು. ಆ ಮಗು ಬಾರದಿದ್ದರೆ ನ್ಯಾಯಾಲಯದಲ್ಲಿ ಉಳಿದ ಕಂಬಳ ಕರೆಯಲ್ಲಿ ಉಳಿಯಲಾರದು.

ಕುಟುಂಬಕ್ಕೆ ತಗಲುವ ನಿಜವಾದ ಬೆಲೆ

ಟಿಕೆಟಿನ ಮೊತ್ತವೇ ಬೆಲೆ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಒಂದು ಸಂಸಾರಕ್ಕೆ ಕಂಬಳ ನೋಡಲು ತಗಲುವ ಬೆಲೆಯಲ್ಲಿ ಬಸ್ಸಿನ ಅಥವಾ ಪೆಟ್ರೋಲಿನ ಖರ್ಚು, ಮಕ್ಕಳ ತಿಂಡಿ ಆಟಿಕೆ, ಕಳೆಯುವ ಸಮಯ, ಬಿಸಿಲು, ನೂಕುನುಗ್ಗಲು, ಶೌಚಾಲಯದ ಕೊರತೆ ಎಲ್ಲವೂ ಸೇರಿವೆ. ಮಗುವಿಗೆ ಕರೆಯೇ ಕಾಣದಿದ್ದರೆ ಪ್ರವೇಶ ಉಚಿತವಾಗಿದ್ದರೂ ಅದು ದುಬಾರಿಯೇ. ಮಹಿಳೆಯರಿಗೆ ಶುಚಿಯಾದ ಶೌಚಾಲಯವಿಲ್ಲದ ಕಡೆ ಕುಟುಂಬವು ಎರಡು ಗಂಟೆಗಿಂತ ಹೆಚ್ಚು ನಿಲ್ಲಲಾರದು. ಬೇಗ ಹೊರಟ ಕುಟುಂಬವು ಅಂಗಡಿಯಲ್ಲಿ ವ್ಯಯಿಸುವುದೂ ಕಡಿಮೆ.

ಇನ್ನೊಂದು ಅಂಶವೂ ಗಮನಾರ್ಹ. ತಲೆಯೊಂದಕ್ಕೆ 50 ರೂ. ಟಿಕೆಟ್ ಇಟ್ಟರೆ ಒಬ್ಬನೇ ಬರುವ ಯುವಕನಿಗೆ ಅದು 50 ರೂ. ಮಾತ್ರ, ನಾಲ್ವರ ಸಂಸಾರಕ್ಕೆ 200 ರೂ., ಅಜ್ಜ ಅಜ್ಜಿಯರೂ ಜೊತೆಗಿದ್ದರೆ 300 ರೂ. ಆದ್ದರಿಂದ ತಲೆಲೆಕ್ಕದ ಟಿಕೆಟ್ ಮೊದಲು ಹಿಂದಿರುಗಿಸುವುದು ಯಾರನ್ನು ಕರೆಯಬೇಕೆಂದಿದೆಯೋ ಆ ಕುಟುಂಬವನ್ನೇ.

ಡೇರೆ ಮೇಳಗಳು ಕಲಿಸಿದ ಪಾಠ

ಟಿಕೆಟ್ ಮತ್ತು ಉಚಿತ ಪ್ರವೇಶ ಇವೆರಡರ ಅನುಭವವೂ ಕರಾವಳಿಗೆ ಹೊಸತಲ್ಲ. ಹರಕೆಯ ಬಯಲಾಟದಲ್ಲಿ ಸೇವಾಕರ್ತರು ಖರ್ಚು ಭರಿಸುತ್ತಾರೆ, ಊರಿಗೆ ಊರೇ ಉಚಿತವಾಗಿ ನೋಡುತ್ತದೆ. ಡೇರೆ ಮೇಳಗಳು ಟಿಕೆಟಿನ ಮೇಲೆ ನಿಂತವು. ಆದರೆ ಎಲ್ಲರಿಗೂ ಒಂದೇ ದರ ವಿಧಿಸಲಿಲ್ಲ. ಮುಂದಿನ ಆರಾಮ ಕುರ್ಚಿಗೆ ಒಂದು ದರ, ಹಿಂದಿನ ಕುರ್ಚಿಗೆ ಇನ್ನೊಂದು, ನೆಲಕ್ಕೆ ಎಲ್ಲಕ್ಕಿಂತ ಕಡಿಮೆ. ಆಟ ಎಲ್ಲರಿಗೂ ಒಂದೇ. ಮಾರಾಟವಾದದ್ದು ಆಸನದ ಸೌಕರ್ಯ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳವು ಕಾಲಮಿತಿಯ ಪ್ರದರ್ಶನವನ್ನು ಅಳವಡಿಸಿಕೊಂಡದ್ದರಿಂದ ಮರುದಿನ ಶಾಲೆ, ಕಚೇರಿ ಇರುವವರೂ ಆಟವನ್ನು ಕೊನೆಯವರೆಗೆ ನೋಡುವಂತಾಯಿತು. ಸೌಕರ್ಯಕ್ಕೆ ಬೆಲೆ, ಸಮಯಕ್ಕೆ ಮಿತಿ ಎಂಬ ಈ ಎರಡು ಸೂತ್ರಗಳು ಕಂಬಳಕ್ಕೂ ಅನ್ವಯಿಸುತ್ತವೆ.

ಅಮೆರಿಕದ ಸಣ್ಣ ಊರುಗಳಲ್ಲಿ ನಡೆಯುವ ಮಣ್ಣಿನ ಅಂಕಣದ ಕಾರು ಓಟಗಳಲ್ಲಿಯೂ ಇದೇ ವಿವೇಕ ಕಂಡುಬರುತ್ತದೆ. ಅಲ್ಲಿನ ಅನೇಕ ಅಂಕಣಗಳು ಚಿಕ್ಕ ಮಕ್ಕಳಿಗೆ ಉಚಿತ ಪ್ರವೇಶ ನೀಡುತ್ತವೆ, ಕುಟುಂಬಕ್ಕೆ ಒಟ್ಟು ದರ ನಿಗದಿಪಡಿಸುತ್ತವೆ ಮತ್ತು ವಾಹನಗಳನ್ನು ಸಜ್ಜುಗೊಳಿಸುವ ಆವರಣವನ್ನು ಹತ್ತಿರದಿಂದ ನೋಡಬಯಸುವವರಿಂದ ಹೆಚ್ಚು ಹಣ ಪಡೆಯುತ್ತವೆ.

ಲೆಕ್ಕದ ಉದಾಹರಣೆ

ಕೆಳಗಿನ ಅಂಕಿಗಳು ಕೇವಲ ಕಲಿಕೆಗಾಗಿ ಊಹಿಸಿಕೊಂಡವು. ಯಾವುದೇ ಕಂಬಳದ ವಾಸ್ತವ ಲೆಕ್ಕವಲ್ಲ. ಪ್ರತಿ ಸಮಿತಿಯೂ ತನ್ನದೇ ಅಂಕಿಗಳನ್ನು ತುಂಬಿಕೊಳ್ಳಬೇಕು.

ಪ್ರವೇಶ ಉಚಿತವಾದರೆ 5,000 ಮಂದಿ ಬರುತ್ತಾರೆ, ಸರಾಸರಿ ತಲೆಗೆ 80 ರೂ. ಅಂಗಡಿಗಳಲ್ಲಿ ವ್ಯಯಿಸುತ್ತಾರೆ ಎಂದಿರಲಿ. ಅಂಗಡಿಗಳು ವಹಿವಾಟಿನ ಶೇ. 10ನ್ನು ನೆಲಬಾಡಿಗೆಯಾಗಿ ಸಮಿತಿಗೆ ನೀಡಬಲ್ಲವು; ಬಾಡಿಗೆಗೆ ಮುನ್ನ ಅವುಗಳ ಲಾಭಾಂಶ ಶೇ. 30.

ಮೊದಲ ಕ್ರಮ: ತಲೆಗೆ 50 ರೂ. ಟಿಕೆಟ್. ಬರುವವರು 3,000ಕ್ಕೆ ಇಳಿಯುತ್ತಾರೆ; ಕೈಯಲ್ಲಿದ್ದ ಹಣ ಬಾಗಿಲಲ್ಲೇ ವ್ಯಯವಾದ್ದರಿಂದ ಅಂಗಡಿಯ ಖರ್ಚು ತಲೆಗೆ 50 ರೂ.ಗೆ ಇಳಿಯುತ್ತದೆ.
ಟಿಕೆಟ್ ಸಂಗ್ರಹ: 1,50,000 ರೂ.
ಬೇಲಿ, ಮುದ್ರಣ, ಬಾಗಿಲ ಸಿಬ್ಬಂದಿ: 60,000 ರೂ.
ನೆಲಬಾಡಿಗೆ (1,50,000 ರೂ. ವಹಿವಾಟಿನ ಶೇ. 10): 15,000 ರೂ.
ಸಮಿತಿಗೆ ಉಳಿಕೆ: 1,05,000 ರೂ.
ವರ್ತಕರಿಗೆ ಬಾಡಿಗೆ ಕಳೆದು ಲಾಭ: 30,000 ರೂ.

ಎರಡನೆಯ ಕ್ರಮ: ಪ್ರವೇಶ ಉಚಿತ, ನೆರಳಿನ ಆಸನಕ್ಕೆ ದರ. ನಾಲ್ಕು ಕುರ್ಚಿಗಳ 150 ಕುಟುಂಬ ಚೌಕಗಳು ತಲಾ 300 ರೂ.; 200 ಬಿಡಿ ಕುರ್ಚಿಗಳು ತಲಾ 150 ರೂ.
ಆಸನ ಸಂಗ್ರಹ: 75,000 ರೂ.
ಶಾಮಿಯಾನ, ಕುರ್ಚಿ, ಮೆಟ್ಟಿಲು ಕಟ್ಟೆ: 35,000 ರೂ.
ನೆಲಬಾಡಿಗೆ (4,00,000 ರೂ. ವಹಿವಾಟಿನ ಶೇ. 10): 40,000 ರೂ.
ಸಮಿತಿಗೆ ಉಳಿಕೆ: 80,000 ರೂ.
ವರ್ತಕರಿಗೆ ಬಾಡಿಗೆ ಕಳೆದು ಲಾಭ: 80,000 ರೂ.

ಸಮಿತಿಯ ಪುಸ್ತಕವನ್ನು ಮಾತ್ರ ನೋಡಿದರೆ ಟಿಕೆಟ್ ಕ್ರಮವೇ 25,000 ರೂ. ಹೆಚ್ಚು ಲಾಭಕರ. ಸಮಿತಿ ಮತ್ತು ವರ್ತಕರ ಲೆಕ್ಕ ಸೇರಿಸಿದರೆ ಟಿಕೆಟ್ ಕ್ರಮದಲ್ಲಿ ಊರಿಗೆ ಉಳಿಯುವುದು 1,35,000 ರೂ., ಎರಡನೆಯದರಲ್ಲಿ 1,60,000 ರೂ. ಅಂದರೆ ಉಚಿತ ಪ್ರವೇಶದ ನಷ್ಟ ಸಮಿತಿಯದು, ಲಾಭ ವರ್ತಕರದು. ಆದ್ದರಿಂದ ಉಚಿತ ಪ್ರವೇಶ ಉಳಿಯಬೇಕೆಂದು ಬಯಸುವ ವರ್ತಕರು ಆ 25,000 ರೂ.ಯ ಕೊರತೆಯನ್ನು ತುಂಬಿಕೊಡುವುದು ನ್ಯಾಯ. ತುಂಬಿಕೊಟ್ಟ ಬಳಿಕವೂ ಅವರಲ್ಲಿ ಮೊದಲ ಕ್ರಮಕ್ಕಿಂತ 25,000 ರೂ. ಹೆಚ್ಚು ಉಳಿಯುತ್ತದೆ. ನಲ್ವತ್ತು ಅಂಗಡಿಗಳಿದ್ದರೆ ಒಂದೊಂದರ ಪಾಲು 625 ರೂ. ಮಾತ್ರ.

ಈ ಫಲಿತಾಂಶ ಎಲ್ಲ ಸಂದರ್ಭಗಳಿಗೂ ಸಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಮೇಲಿನ ಅಂಕಿಗಳಲ್ಲಿಯೇ ಟಿಕೆಟ್ ಇಟ್ಟ ಮೇಲೂ ಸುಮಾರು 3,400ಕ್ಕಿಂತ ಹೆಚ್ಚು ಮಂದಿ ಬಂದರೆ ಹಣದ ದೃಷ್ಟಿಯಿಂದ ಟಿಕೆಟ್ ಕ್ರಮವೇ ಮೇಲು. ಎಂದರೆ ಜನರಲ್ಲಿ ಮೂರನೆಯ ಒಂದು ಭಾಗ ಹಿಂದಿರುಗುತ್ತದೆಯೇ ಇಲ್ಲವೇ ಎಂಬುದೇ ನಿರ್ಣಾಯಕ. ಎಣಿಕೆಯಿಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ಈ ಬಾರಿಯ ಕಂಬಳದಲ್ಲಿ ಗಂಟೆಗೊಮ್ಮೆ ಬಾಗಿಲಲ್ಲಿ ಒಳಬರುವವರನ್ನು ಗಂಡಸರು, ಹೆಂಗಸರು, ಮಕ್ಕಳು ಎಂದು ಎಣಿಸಿಡುವುದು ಮುಂದಿನ ಯಾವುದೇ ನಿರ್ಧಾರಕ್ಕೆ ತಳಹದಿ. ಕಾಲೇಜು ವಿದ್ಯಾರ್ಥಿಗಳ ನೆರವಿನಿಂದ ಇದು ಅಲ್ಪ ಖರ್ಚಿನಲ್ಲಿ ಸಾಧ್ಯ.

ದರಪಟ್ಟಿ ರಚನೆಯ ಸೂತ್ರಗಳು

1. ಕರೆಯ ಬದಿಯಲ್ಲಿ ನಿಂತು ನೋಡುವುದು ಎಲ್ಲರಿಗೂ ಉಚಿತವಾಗಿರಲಿ. ಊರಿನವರು ತಲೆತಲಾಂತರದಿಂದ ಬಂದು ನೋಡಿದ ಜಾಗಕ್ಕೆ ಬೇಲಿ ಹಾಕಿ ಹಣ ಕೇಳಿದರೆ ಗಳಿಕೆಗಿಂತ ಮನಸ್ತಾಪ ಹೆಚ್ಚು.

2. ಆಸನದ ದರವನ್ನು ತಲೆಗೆ ವಿಧಿಸದೆ ಕುಟುಂಬ ಚೌಕಕ್ಕೆ ವಿಧಿಸುವುದು ಮೇಲು. ಮಡಿಲಲ್ಲಿ ಕುಳಿತ ಮಗುವಿಗೆ ದರ ಬೇಡ.

3. ಇಡೀ ದಿನಕ್ಕೆ ಒಂದೇ ಚೀಟಿ ಮಾರುವ ಬದಲು ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಹಂಚಿದರೆ ಅದೇ ಕುರ್ಚಿ ಎರಡು ಅಥವಾ ಮೂರು ಸಲ ಮಾರಾಟವಾಗುತ್ತದೆ.

4. ಚೀಟಿಯ ಹಿಂಬದಿಯಲ್ಲಿ ಸ್ಥಳೀಯ ವರ್ತಕರ ರಿಯಾಯಿತಿ ಕೂಪನ್ ಮುದ್ರಿಸಬಹುದು. ಜಾಹೀರಾತಿನಿಂದ ಮುದ್ರಣದ ಖರ್ಚು ಹುಟ್ಟುತ್ತದೆ. ಎಷ್ಟು ಕೂಪನ್ ಮರಳಿ ಬಂದವೆಂಬ ಎಣಿಕೆಯಿಂದ ಜಾಹೀರಾತಿನ ಫಲವೂ ತಿಳಿಯುತ್ತದೆ.

5. ಪಡೆದ ಹಣ ಯಾವುದಕ್ಕೆ ವ್ಯಯವಾಯಿತೆಂದು ಫಲಕದಲ್ಲಿ ಬರೆದು ಹಾಕಬೇಕು. ‘ನಿಮ್ಮ ಚೀಟಿಯಿಂದ ಈ ನೆರಳು, ಈ ನೀರು, ಈ ಶೌಚಾಲಯ’ ಎಂದು ತಿಳಿದವನಿಗೆ ಹಣ ಕೊಟ್ಟದ್ದು ಭಾರವೆನಿಸದು.

ಸಮಯವೂ ಸರಕೇ

ಬೆಳಗ್ಗೆ ಆರಂಭವಾದ ಕಂಬಳ ಮರುದಿನ ಬೆಳಗಿನವರೆಗೆ ಸಾಗುವುದು ಸಾಮಾನ್ಯ. ಗಂತಿನಲ್ಲಿ ಕೋಣಗಳನ್ನು ಬಿಡಲು ಆಗುವ ವಿಳಂಬವು ಸ್ಪರ್ಧೆಯಿಂದ ಸ್ಪರ್ಧೆಗೆ ಬೆಳೆಯುತ್ತಾ ಹೋಗುತ್ತದೆ. ಕಂಬಳದ ಕಟ್ಟಾ ಅಭಿಮಾನಿಗೆ ಈ ಕಾಯುವಿಕೆಯೂ ಒಂದು ಸುಖ. ಐದು ವರ್ಷದ ಮಗುವಿಗೆ ಅಲ್ಲ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂಬ ಆರು ವಿಭಾಗಗಳಲ್ಲಿ ಮಕ್ಕಳ ಕಣ್ಣಿಗೆ ಥಟ್ಟನೆ ಅರ್ಥವಾಗುವುದು ಕನೆಹಲಗೆ. ಮೇಲೆ ಕಟ್ಟಿದ ನಿಶಾನೆಗೆ ನೀರು ಚಿಮ್ಮಿತೋ ಇಲ್ಲವೋ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಸಂಜೆ 4ರಿಂದ 8ರವರೆಗೆ ‘ಕುಟುಂಬ ವೇಳೆ’ ಎಂದು ಸಾರಿ, ಕನೆಹಲಗೆಯ ಜೊತೆಗೆ ಹಗ್ಗ ಅಥವಾ ನೇಗಿಲು ವಿಭಾಗದ ಕೆಲವು ಓಟಗಳನ್ನು ಆ ಅವಧಿಯಲ್ಲಿ ಖಚಿತವಾಗಿ ನಡೆಸಿದರೆ ತಾಯ್ತಂದೆಯರು ಮಕ್ಕಳನ್ನು ಕರೆತರಲು ಧೈರ್ಯ ಮಾಡುತ್ತಾರೆ. ಸಾರಿದ ಸಮಯ ತಪ್ಪಿದರೆ ಮಾತ್ರ ಮುಂದಿನ ವರ್ಷ ಅವರು ಬರುವುದಿಲ್ಲ. ಇದು ಸರಕು ಸರಬರಾಜಿನ ವಾಯಿದೆಗೆ ಸಮಾನ.

ಕೋಣಗಳ ಪಾಲನೆಯೂ ಇಲ್ಲಿ ಗಣನೆಗೆ ಬರುತ್ತದೆ. ಹೊಡೆತ ಕಂಡ ಮಗು ಮತ್ತೆ ಬಾರದು. ಕಾನೂನು ವಿಧಿಸಿದ ಶಿಸ್ತನ್ನು ಪಾಲಿಸುವುದು ನ್ಯಾಯಾಲಯದ ಭಯಕ್ಕಾಗಿ ಮಾತ್ರವಲ್ಲ, ನೋಟಕರ ಮನಸ್ಸು ಉಳಿಸಿಕೊಳ್ಳುವುದಕ್ಕಾಗಿಯೂ ಅಗತ್ಯ. ಕೋಣಗಳನ್ನು ತೊಳೆದು ಸಿಂಗರಿಸುವ ಸ್ಥಳದಲ್ಲಿ, ಸುರಕ್ಷಿತ ಅಂತರದಿಂದ, ಯಜಮಾನರೇ ಮಕ್ಕಳಿಗೆ ಪರಿಚಯ ಹೇಳುವ ಅರ್ಧ ಗಂಟೆಯ ಏರ್ಪಾಡು ಮಾಡಿದರೆ ಅದಕ್ಕೆ ತಗಲುವ ಖರ್ಚು ಅತ್ಯಲ್ಪ.

ತೆರಿಗೆ ಮತ್ತು ಅನುಮತಿ

ಸರಕು ಮತ್ತು ಸೇವಾ ತೆರಿಗೆಯ ವ್ಯವಸ್ಥೆಯಲ್ಲಿ ಕ್ರೀಡಾಕೂಟಗಳ ಪ್ರವೇಶ ದರವು ತಲೆಗೆ 500 ರೂ. ಮೀರದಿದ್ದರೆ ವಿನಾಯಿತಿ ಇದೆ. ಆದರೆ ಜಾಹೀರಾತು, ಪ್ರಾಯೋಜಕತ್ವ, ಅಂಗಡಿ ಜಾಗದ ಬಾಡಿಗೆ ಇವು ಬೇರೆ ಬಗೆಯ ಆದಾಯಗಳು; ಪ್ರವೇಶ ದರದ ವಿನಾಯಿತಿ ಅವುಗಳಿಗೆ ತಾನಾಗಿ ಸಲ್ಲದು. ಆದ್ದರಿಂದ ಪ್ರತ್ಯೇಕ ರಸೀದಿ ಪುಸ್ತಕ ಇಟ್ಟು ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಲೇಸು. ತಿಂಡಿ ಅಂಗಡಿಗಳು ಆಹಾರ ಸುರಕ್ಷತಾ ನೋಂದಣಿ ಹೊಂದಿರಬೇಕು. ತಾತ್ಕಾಲಿಕ ಮೆಟ್ಟಿಲು ಕಟ್ಟೆಯ ಭದ್ರತೆಯನ್ನು ಅರ್ಹ ಇಂಜಿನಿಯರರಿಂದ ಪರೀಕ್ಷಿಸಿಕೊಂಡ ಬಳಿಕವೇ ಮಕ್ಕಳನ್ನು ಹತ್ತಿಸಬೇಕು.

ಮುಂದಿನ ಹೆಜ್ಜೆ

ಮೂರು ಊರುಗಳ ವರ್ತಕರ ಸಂಘಗಳು ಕಂಬಳದ ಋತು ಆರಂಭವಾಗುವ ಮೊದಲೇ ಸಮಿತಿಗಳೊಂದಿಗೆ ಒಂದು ಸಭೆ ಸೇರುವುದು ಅಪೇಕ್ಷಣೀಯ. ಆ ಸಭೆಯಲ್ಲಿ ನಿರ್ಧಾರವಾಗಬೇಕಾದವು ಮೂರೇ ವಿಷಯಗಳು: ಬಾಗಿಲಲ್ಲಿ ಎಣಿಸುವವರು ಯಾರು, ಕುಟುಂಬ ವೇಳೆ ಯಾವುದು, ಉಚಿತ ಪ್ರವೇಶದಿಂದ ಸಮಿತಿಗೆ ಆಗುವ ಕೊರತೆಯಲ್ಲಿ ವರ್ತಕರ ಪಾಲು ಎಷ್ಟು. ದಾನಿಗಳ ಔದಾರ್ಯದಿಂದ ಕಂಬಳ ಇಲ್ಲಿಯವರೆಗೆ ನಡೆದು ಬಂದಿದೆ. ಅದರ ಸುತ್ತ ಅಂಗಡಿ ಹೂಡಿ ಗಳಿಸುವವರು ತಮ್ಮ ಪಾಲನ್ನು ಲೆಕ್ಕ ಹಾಕಿ ನೀಡಿದಲ್ಲಿ ಬಾಗಿಲು ತೆರೆದೇ ಇರುತ್ತದೆ, ಮಕ್ಕಳೂ ಒಳಗೆ ಬರುತ್ತಾರೆ.