ಮಾರುವ ಮನೆಗೆ ಬಣ್ಣಕ್ಕಿಂತ ಮೊದಲು ಉತಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಂತಹ ಊರುಗಳಲ್ಲಿ ಹಳೆಯ ಮನೆಯನ್ನು ಮಾರಲು ನಿರ್ಧರಿಸಿದ ಕುಟುಂಬವು ಮೊದಲು ಬಣ್ಣ ಬಳಿಯುವವರನ್ನು ಕರೆಸುತ್ತದೆ; ಕೊಳ್ಳಲು ಬಂದವರಾದರೋ ಮೊದಲು ಉತಾರ ಕೇಳುತ್ತಾರೆ. ಉತಾರವೆಂದರೆ ಆಸ್ತಿಯ ಅಳತೆ, ಚಕ್ಕುಬಂದಿ ಮತ್ತು ಮಾಲೀಕರ ಹೆಸರನ್ನು ತೋರಿಸುವ ಸರ್ಕಾರಿ ದಾಖಲೆಯ ನಕಲು. ಪಟ್ಟಣದ ಮನೆಗೆ ಅದು ಈಗ ಇ-ಖಾತೆಯಾಗಿ, ಹಳ್ಳಿಯ ಮನೆಗೆ ಇ-ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11ಎ ಆಗಿ ದೊರೆಯುತ್ತದೆ. 2024ರ ಅಕ್ಟೋಬರ್‌ನಿಂದ ರಾಜ್ಯದಾದ್ಯಂತ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ, ಈ ಕಾಗದವಿಲ್ಲದ ಮನೆ ಎಷ್ಟೇ ಚೆಂದವಿದ್ದರೂ ಮಾರುಕಟ್ಟೆಗೆ ಬಂದಂತಾಗುವುದಿಲ್ಲ.

ಇದರ ಹಿಂದಿನ ಹಣದ ಲೆಕ್ಕ ಸರಳವಾಗಿದೆ. ಈ ಪಟ್ಟಣಗಳಲ್ಲಿ ಮನೆ ಕೊಳ್ಳುವವರಲ್ಲಿ ಶಿಕ್ಷಕರು, ಸರ್ಕಾರಿ ನೌಕರರು ಮತ್ತು ಮಕ್ಕಳ ಓದಿಗಾಗಿ ಹಳ್ಳಿಯಿಂದ ಬರುವ ಒಕ್ಕಲು ಕುಟುಂಬಗಳು ಇರುತ್ತಾರೆ. ಸಂಬಳದವರು ಸಾಮಾನ್ಯವಾಗಿ ಬ್ಯಾಂಕಿನ ಸಾಲವನ್ನು ನೆಚ್ಚಿಕೊಂಡಿರುವುದರಿಂದ, ಖಾತೆ ಮತ್ತು ಋಣಭಾರ ಪತ್ರ, ಅಂದರೆ ಆಸ್ತಿಯ ಮೇಲೆ ಯಾವ ಬೋಜಾ ದಾಖಲಾಗಿದೆಯೆಂದು ತಿಳಿಸುವ ಪತ್ರ, ಸರಿಯಿಲ್ಲದಿದ್ದರೆ ಅವರು ಹಿಂದೆ ಸರಿಯುತ್ತಾರೆ. ಆಗ ಕೈಯಲ್ಲಿ ರೊಕ್ಕವಿರುವ ಒಬ್ಬಿಬ್ಬರು ಮಾತ್ರ ಉಳಿದು, ಬೆಲೆಯನ್ನು ಅವರೇ ಹೇಳುವಂತಾಗುತ್ತದೆ. ಇದರ ಮೇಲೆ ಕೊಳ್ಳುವವರಿಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಕರಗಳು ಮತ್ತು 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ಸೇರಿ ಶೇ 7.6ರ ಆಸುಪಾಸಿನ ವೆಚ್ಚ ಬರುತ್ತದೆ. ಮೂವತ್ತು ಲಕ್ಷದ ಮನೆಗೆ ಇದು ಎರಡೂಕಾಲು ಲಕ್ಷವನ್ನು ದಾಟುತ್ತದೆ. ಅಷ್ಟು ತೆತ್ತವರು ರಿಪೇರಿಗೆಂದು ಬೇರೆ ಹಣ ಇಟ್ಟುಕೊಂಡಿರುವುದು ಅಪರೂಪ.

ಈ ಅಂಕಣಕಾರರು ತಮ್ಮ ಮನೆತನದ ಸಿಂದಗಿಯ ಮನೆಯ ಮಾರಾಟದಲ್ಲಿ ಕಂಡಂತೆ, ಕಾಗದಪತ್ರದಲ್ಲಿ ಹೆಚ್ಚು ಕಾಲ ಹಿಡಿಯುವುದು ಹೆಣ್ಣುಮಕ್ಕಳ ಪಾಲಿನ ವಿಚಾರ. ಖಾತೆ ಅಜ್ಜನ ಹೆಸರಿನಲ್ಲೇ ಇತ್ತು. ಸೊಲ್ಲಾಪುರಕ್ಕೂ ಕಲಬುರಗಿಗೂ ಕೊಟ್ಟ ಹೆಣ್ಣುಮಕ್ಕಳು ಬಂದು ಸಹಿ ಮಾಡುವವರೆಗೆ ವ್ಯವಹಾರ ಮುಂದೆ ಹೋಗಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ನೀಡಿದೆ, ಮತ್ತು ಆ ತಿದ್ದುಪಡಿಯ ದಿನ ತಂದೆ ಜೀವಂತವಾಗಿರಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. ಆದ್ದರಿಂದ ಕೊಳ್ಳುವವರ ವಕೀಲರು ವಂಶಾವಳಿಯನ್ನು ಕೇಳಿಯೇ ಕೇಳುತ್ತಾರೆ. ಅಕ್ಕತಂಗಿಯರನ್ನು ಕೊನೆಯ ದಿನ ಸಹಿಗಾಗಿ ಮಾತ್ರ ಕರೆಸಿ, ಸೀರೆ-ಕುಪ್ಪಸ ಕೊಟ್ಟು ಕಳುಹಿಸುವ ರೂಢಿ ಅನ್ಯಾಯದ್ದು. ಬೆಲೆ ಕಟ್ಟುವ ಮೊದಲೇ ಅವರನ್ನು ಕೂರಿಸಿಕೊಂಡು ಪಾಲನ್ನು ಗೊತ್ತುಮಾಡುವುದು ಧರ್ಮವೂ ಹೌದು, ಮುಂದಿನ ದಾವೆಯ ಭಯವನ್ನು ಕಳೆಯುವ ದಾರಿಯೂ ಹೌದು.

ಕಾಗದದ ನಂತರ ಹಣ ಹಾಕಬೇಕಾದದ್ದು ಮಾಳಿಗೆಗೆ. ಮೇಲುಮುದ್ದೆಯ ಮನೆಯಾದರೆ, ಅಂದರೆ ತೊಲೆ-ಜಂತಿಗಳ ಮೇಲೆ ಮಣ್ಣು ಹಾಸಿದ ಮನೆಯಾದರೆ, ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿಸಿ ನೀರು ಹರಿಯುವ ದಾರಿಯನ್ನು ಸರಿಪಡಿಸಬೇಕು. ಸ್ಲ್ಯಾಬಿನ ಮನೆಯಾದರೆ ಸೋರುವ ಜಾಗವನ್ನು ಮುಚ್ಚಿಸಬೇಕು. ಅನುಭವಸ್ಥ ಖರೀದಿದಾರರು ಬಣ್ಣವನ್ನು ನೋಡುವುದಿಲ್ಲ. ಗೋಡೆಯ ಬುಡದಲ್ಲಿ ಹೆಬ್ಬೆರಳಿನಿಂದ ಉಜ್ಜಿ, ಬಿಳಿಯ ಉಪ್ಪು ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ, ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕನ್ನು ಹುಡುಕುತ್ತಾರೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಈ ಭಾಗದಲ್ಲಿ ಅಂತಹ ಬಿರುಕು ಸಾಮಾನ್ಯ. ಅದನ್ನು ಬಣ್ಣದಿಂದ ಮುಚ್ಚುವುದು ಜಾಣತನವಲ್ಲ, ಏಕೆಂದರೆ ತನಗೆ ಗೊತ್ತಿರುವ, ಕೊಳ್ಳುವವರಿಗೆ ಸಾಮಾನ್ಯ ಎಚ್ಚರದಿಂದ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ.

ಹಳೆಯ ಮನೆಗಳ ಅಂಗಳದಲ್ಲಿ ಹಗೇವು ಇರುವುದುಂಟು. ಜೋಳವನ್ನು ಕೂಡಿಡಲು ನೆಲದೊಳಗೆ ತೋಡಿದ ಈ ಗುಂಡಿಯ ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದು ಮರೆತುಬಿಟ್ಟಿದ್ದರೆ, ಹೊಸಬರು ಅದರ ಮೇಲೆ ಗೋಡೆ ಎತ್ತಿದಾಗ ಕುಸಿಯಬಹುದು. ಗರಸನ್ನು ಒಮ್ಮೆಲೇ ಸುರಿಯದೆ, ಪದರಪದರವಾಗಿ ನೀರು ಹಾಕಿ ಧಮ್ಮಸು ಮಾಡಿ ತುಂಬಿಸಿ, ಎಲ್ಲಿತ್ತೆಂಬುದನ್ನು ಖರೀದಿದಾರರಿಗೆ ತೋರಿಸುವುದು ವಿಶ್ವಾಸವನ್ನು ಹೆಚ್ಚಿಸುತ್ತದೆ.

ಉಳಿದ ಸಿದ್ಧತೆಗೆ ಖರ್ಚು ಕಡಿಮೆ. ಪಡಸಾಲೆಯ ಚೀಲ, ಹಳೆಯ ಕಟ್ಟಿಗೆಗಳನ್ನು ಸಾಗಿಸಿ, ಬಚ್ಚಲಿನ ನೀರು ಸಲೀಸಾಗಿ ಹರಿಯುವಂತೆ ಮಾಡಿ, ಸುಣ್ಣ ಹೊಡೆಸಿದರೆ ಸಾಕು. ತಾಳಿಕೋಟಿಯ ಫರ್ಸಿ ಹಾಸಿದ ನೆಲವನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸುವುದು ಹಣದ ಪೋಲು. ಬೇಸಿಗೆಯಲ್ಲಿ ತಂಪಾಗಿರುವ ಆ ಕಲ್ಲನ್ನು ತೊಳೆದು ತೋರಿಸುವುದೇ ಮೇಲು. ತೋರಿಸಲು ಒಳ್ಳೆಯ ಕಾಲ ಸುಗ್ಗಿಯ ನಂತರ, ತೊಗರಿ ಮತ್ತು ಜೋಳದ ಹಣ ಕೈಗೆ ಬಂದು, ಯುಗಾದಿ ಹಾಗೂ ಬಸವ ಜಯಂತಿ ಹತ್ತಿರವಿರುವಾಗ. ಆಷಾಢದಲ್ಲಿ ಮಾತುಕತೆ ಸಾಮಾನ್ಯವಾಗಿ ನಿಲ್ಲುತ್ತದೆ.

ಸಂಚಕಾರವನ್ನು, ಎಂದರೆ ಮಾತು ಕುದುರಿದಾಗ ಪಡೆಯುವ ಮುಂಗಡವನ್ನು, ಬ್ಯಾಂಕಿನ ಮೂಲಕವೇ ಪಡೆಯಬೇಕು; ಇಪ್ಪತ್ತು ಸಾವಿರ ಅಥವಾ ಹೆಚ್ಚಿನ ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಲಾಭದ ತೆರಿಗೆ ಲೆಕ್ಕದಲ್ಲಿ ದಲಾಲಿ ಕಳೆಯಲು ಬರುತ್ತದೆ, ಹೊಸ ಕೋಣೆ ಕಟ್ಟಿಸಿದ ಖರ್ಚೂ ಬರುತ್ತದೆ, ಸುಣ್ಣಬಣ್ಣದ ಖರ್ಚು ಸಾಮಾನ್ಯವಾಗಿ ಬರುವುದಿಲ್ಲ. ಪಿತ್ರಾರ್ಜಿತವಾಗಿ ಬಂದ ಹಳೆಯ ಮನೆಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಲು ಅವಕಾಶವಿರುವುದರಿಂದ, ನೋಂದಾಯಿತ ಮೌಲ್ಯಮಾಪಕರಿಂದ ಆ ಬೆಲೆಯನ್ನು ಬರೆಸಿಕೊಳ್ಳುವುದನ್ನು ಮಾರಾಟದ ಮೊದಲೇ ಮುಗಿಸಿಕೊಳ್ಳುವುದು ಲೇಸು.