ಗಾಡ್ಜಿಲ್ಲಾ ನೋಡುವುದು ಹೇಗೆ? ಉರಯಾಸುವಿನಿಂದ ಮೂರು ಪಾಠ

ಜಪಾನಿನ ಹಳೆಯ ದೈತ್ಯ ಪ್ರಾಣಿಗಳ ಚಿತ್ರ ನೋಡುವವರಲ್ಲಿ ಎರಡು ಬಗೆ. ರಬ್ಬರ್ ಸೂಟ್ ಕಂಡ ಕೂಡಲೇ ನಗೋರು ಒಂದು ಕಡೆ. ಯಾವ ಪ್ರಾಣಿ ಯಾವ ವರ್ಷ ಯಾವ ಕಟ್ಟಡ ಒಡೆಯಿತು ಅಂತ ಬಾಯಿಪಾಠ ಒಪ್ಪಿಸೋ ಅಭಿಮಾನಿಗಳು ಇನ್ನೊಂದು ಕಡೆ. ನಮ್ಮ ಸಂಘದಲ್ಲಿ ಇಬ್ಬರೂ ಇದ್ದಾರೆ, ಈ ಪಾಠ ಇಬ್ಬರಿಗೂ. ನಾವು ಹೇಳಬೇಕೆಂದಿರುವುದು ಇಷ್ಟು: ಈ ಚಿತ್ರಗಳಲ್ಲಿ ಒಳ್ಳೆಯವು ಯಾವುವೋ ಅವುಗಳ ಹಿಂದೆ ಆಯಾ ವರ್ಷದ ಒಂದು ನಿಜವಾದ ಭಯ ಇದೆ. ಆ ಭಯ ಯಾವುದು ಅಂತ ತಿಳಿದುಕೊಂಡು ಕೂತರೆ, ಅದೇ ರಬ್ಬರ್ ಸೂಟ್ ಬೇರೆ ಥರ ಕಾಣುತ್ತದೆ.

ಇದಕ್ಕೆ ಉರಯಾಸು ಒಳ್ಳೆಯ ಜಾಗ. ನಮ್ಮಲ್ಲಿ ಕೆಲವರು ಇಲ್ಲೇ ಬಾಡಿಗೆಗಿದ್ದೇವೆ. ತೊಗರಿಬೇಳೆ, ಸಾಸಿವೆ ಬೇಕೆಂದರೆ ತೋಝಾಯಿ ಲೈನಿನಲ್ಲಿ ಎರಡು ಸ್ಟೇಷನ್ ದಾಟಿದರೆ ಭಾರತೀಯರು ಹೆಚ್ಚಾಗಿರುವ ನಿಷಿ-ಕಸಾಯಿ ಸಿಗುತ್ತೆ. ಶನಿವಾರ ಸಂಜೆ ಅನ್ನ-ಸಾರು ಮುಗಿಸಿ, ಒಬ್ಬರ ಕೋಣೆಯಲ್ಲಿ ಸೇರಿ ಒಂದೊಂದೇ ಚಿತ್ರ ನೋಡಿದೆವು. ನೂರಾರು ಚಿತ್ರಗಳ ಪಟ್ಟಿ ನಿಮ್ಮ ಮುಂದೆ ಇಡುವುದಿಲ್ಲ. ಮೂರೇ ಸಾಕು: 1954, 1964, 1971.

ಮೊದಲು ಊರಿನ ಪರಿಚಯ

ಉರಯಾಸು ಅಂದರೆ ಎಲ್ಲರಿಗೂ ನೆನಪಾಗೋದು ಟೋಕಿಯೋ ಡಿಸ್ನಿಲ್ಯಾಂಡ್. ಹೆಸರಿನಲ್ಲಿ ಟೋಕಿಯೋ ಇದ್ದರೂ ಅದು ಇರುವುದು ಚಿಬಾ ಪ್ರಾಂತ್ಯದ ಈ ಊರಲ್ಲಿ. ಆದರೆ 1950ರ ದಶಕದಲ್ಲಿ ಇದು ಮೀನುಗಾರರ ಊರು. ಚಿಪ್ಪುಮೀನು ಹೆಕ್ಕುವುದು, ನೋರಿ ಎಂಬ ಕಡಲಪಾಚಿ ಬೆಳೆಯುವುದು ಇಲ್ಲಿಯವರ ಕಸುಬು. 1958ರಲ್ಲಿ, ನದಿಯ ಮೇಲ್ಭಾಗದಲ್ಲಿದ್ದ ಹೊನ್ಶು ಕಾಗದ ಕಾರ್ಖಾನೆಯಿಂದ ಕಪ್ಪು ನೀರು ಹರಿದು ಬಂದು ಮೀನು, ಚಿಪ್ಪು ಸತ್ತವು. ಆ ವರ್ಷ ಜೂನ್ 10ರಂದು ನೂರಾರು ಮೀನುಗಾರರು ಕಾರ್ಖಾನೆಗೆ ನುಗ್ಗಿದರು, ಪೊಲೀಸರ ಜತೆ ಘರ್ಷಣೆಯಾಗಿ ತುಂಬಾ ಜನ ಗಾಯಗೊಂಡರು. ಅದೇ ಡಿಸೆಂಬರಿನಲ್ಲಿ ಜಪಾನ್ ನೀರಿನ ಗುಣಮಟ್ಟ ಕಾಪಾಡಲು ಮತ್ತು ಕಾರ್ಖಾನೆಯ ಕೊಳಚೆ ತಡೆಯಲು ಎರಡು ಕಾನೂನು ಮಾಡಿತು.

ಕಾನೂನು ಬಂತು, ಆದರೆ ಕಡಲು ಉಳಿಯಲಿಲ್ಲ. 1962ರಲ್ಲಿ ಮೀನುಗಾರರು ತಮ್ಮ ಮೀನುಗಾರಿಕೆ ಹಕ್ಕಿನ ಒಂದು ಭಾಗ ಬಿಟ್ಟುಕೊಟ್ಟರು, 1971ರಲ್ಲಿ ಪೂರ್ತಿ ಬಿಟ್ಟರು. ಕಡಲಿಗೆ ಮಣ್ಣು, ಮರಳು ತುಂಬಿಸಿ ನೆಲ ಮಾಡಲಾಯಿತು. ಊರಿನ ವಿಸ್ತೀರ್ಣ ಸುಮಾರು 4.4 ಚದರ ಕಿಲೋಮೀಟರಿನಿಂದ 17ರ ಹತ್ತಿರಕ್ಕೆ ಬೆಳೆಯಿತು. ಅಂದರೆ ಇವತ್ತಿನ ಉರಯಾಸುವಿನ ಮುಕ್ಕಾಲು ಭಾಗ ಹಿಂದೆ ಸಮುದ್ರ. ಇದನ್ನು ನೆನಪಿಟ್ಟುಕೊಳ್ಳಿ, ಮೂರೂ ಚಿತ್ರಕ್ಕೆ ಬೇಕಾಗುತ್ತೆ.

ಎರಡು ಪದ, ಒಂದು ಲೆಕ್ಕ

ಪದಗಳು ಇವು. ಕೈಜು ಅಂದರೆ ವಿಚಿತ್ರ ಪ್ರಾಣಿ. ತೊಕುಸಾತ್ಸು ಅಂದರೆ ವಿಶೇಷ ಚಿತ್ರೀಕರಣ, ಅಂದರೆ ಸೂಟ್ ಹಾಕಿದ ಮನುಷ್ಯ, ಪುಟ್ಟ ಕಟ್ಟಡಗಳು, ಹೊಗೆ, ಸಿಡಿಮದ್ದು ಇವನ್ನೆಲ್ಲ ಸೇರಿಸಿ ಮಾಡುವ ಕೆಲಸ. ಇದರ ಗುರು ಏಜಿ ತ್ಸುಬುರಾಯಾ. ಸೂಟಿನ ಒಳಗೆ ಇದ್ದವರು ಹರುವೊ ನಕಜಿಮಾ. ನಡಿಗೆ ಕಲಿಯಲು ಅವರು ಉಯೆನೊ ಮೃಗಾಲಯಕ್ಕೆ ಹೋಗಿ ಪ್ರಾಣಿಗಳನ್ನು ನೋಡುತ್ತಾ ಕೂರುತ್ತಿದ್ದರು. 1954ರಿಂದ 1972ರವರೆಗೆ ಗಾಡ್ಜಿಲ್ಲಾ ಅಂದರೆ ಬಹುಪಾಲು ಅವರೇ.

ಇನ್ನು ಲೆಕ್ಕ. ಮೊದಲ ಚಿತ್ರದಲ್ಲಿ ಗಾಡ್ಜಿಲ್ಲಾ 50 ಮೀಟರ್ ಎತ್ತರ. ಸೂಟ್ ಸುಮಾರು 2 ಮೀಟರ್. ಅಂದರೆ ಪ್ರಮಾಣ 1:25, ಕಟ್ಟಡಗಳೂ ಅದೇ ಪ್ರಮಾಣದಲ್ಲಿ. 50 ಮೀಟರ್ ಮೇಲಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು 3.2 ಸೆಕೆಂಡ್ ಬೇಕು. 2 ಮೀಟರ್ ಮೇಲಿಂದ ಬಿದ್ದದ್ದಕ್ಕೆ 0.64 ಸೆಕೆಂಡ್ ಸಾಕು. ಐದು ಪಟ್ಟು ವ್ಯತ್ಯಾಸ, ಯಾಕೆಂದರೆ 25ರ ವರ್ಗಮೂಲ 5. ಹಾಗಾಗಿ ಪುಟ್ಟ ಕಟ್ಟಡ ನಿಜವಾದ ಕಟ್ಟಡದಂತೆ ನಿಧಾನವಾಗಿ ಕುಸಿಯಬೇಕೆಂದರೆ ಸೆಕೆಂಡಿಗೆ 24 ಫ್ರೇಮಿನ ಬದಲು ಲೆಕ್ಕದ ಪ್ರಕಾರ 120 ಫ್ರೇಮ್ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಬೇಕು. ಗಾಡ್ಜಿಲ್ಲಾ ಭಾರವಾಗಿ ನಡೆಯುವಂತೆ ಕಾಣುವುದರ ಗುಟ್ಟು ಇದೇ. ನೀರಿನ ದೃಶ್ಯ ಮಾತ್ರ ಆಟಿಕೆಯಂತೆ ಕಾಣುತ್ತೆ. ಕಾರಣ, ಹನಿಯ ಗಾತ್ರವನ್ನು 1:25ಕ್ಕೆ ಇಳಿಸಲು ಆಗಲ್ಲ, ಮೇಲ್ಮೈ ಸೆಳೆತ ನಮ್ಮ ಮಾತು ಕೇಳಲ್ಲ.

ಸೂಟ್ ನೋಡಿ ನಗುವವರಿಗೆ ಒಂದು ಮಾತು. ಮೈಸೂರು ದಸರಾ ಮೆರವಣಿಗೆಯ ಗಾರುಡಿ ಗೊಂಬೆ ನೋಡಿದ್ದೀರಲ್ವಾ? ಬಿದಿರಿನ ಟೊಳ್ಳು ಗೊಂಬೆ, ಒಳಗೆ ಒಬ್ಬ ಮನುಷ್ಯ, ಹೊರೆ ಹೊತ್ತು ಕುಣಿಯುತ್ತಾನೆ. ಒಳಗೆ ಆಳಿದ್ದಾನೆ ಅಂತ ಗೊತ್ತಿದ್ದೂ ಚಿಕ್ಕವರು ಹೆದರುತ್ತಾರೆ, ದೊಡ್ಡವರು ಖುಷಿಪಡುತ್ತಾರೆ. ಅದೇ ಕಣ್ಣಿನಿಂದ ಇದನ್ನೂ ನೋಡಿ.

ಪಾಠ 1: ‘ಗೊಜಿರಾ’ (1954) ಮತ್ತು ಒಂದು ನಿಜವಾದ ದೋಣಿ

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ‘ದಾಯಿಗೊ ಫುಕುರ್ಯೂ ಮಾರು’ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಬಿತ್ತು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ನವೆಂಬರ್ 3ಕ್ಕೆ ಇಶಿರೊ ಹೊಂಡಾ ನಿರ್ದೇಶನದ ‘ಗೊಜಿರಾ’ ಬಿಡುಗಡೆಯಾಯಿತು. ಚಿತ್ರ ಶುರುವಾಗುವುದೇ ಬೆಳಕಿನ ಹೊಡೆತಕ್ಕೆ ಸಿಕ್ಕಿ ಉರಿಯುವ ಒಂದು ದೋಣಿಯಿಂದ. ಅಂದಿನ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಿರಲಿಲ್ಲ.

ನೋಡುವಾಗ ಮೂರು ದೃಶ್ಯಗಳಲ್ಲಿ ನಿಲ್ಲಿ. ರೈಲಿನಲ್ಲಿ ಒಬ್ಬ ಯುವತಿ ವಿಕಿರಣ ತಗುಲಿದ ಟ್ಯೂನಾ ಬಗ್ಗೆ ಗೊಣಗುತ್ತಾ, ನಾಗಸಾಕಿಯಿಂದ ತಾನು ಹೇಗೋ ಪಾರಾಗಿ ಬಂದದ್ದನ್ನು ಹೇಳುತ್ತಾಳೆ. ಗಿಂಜಾ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಅನ್ನುತ್ತಾಳೆ. ಆಸ್ಪತ್ರೆಯಲ್ಲಿ ಮಗುವಿನ ಎದುರು ಗೈಗರ್ ಮಾಪಕ ಹಿಡಿಯುತ್ತಾರೆ. ಈ ಮೂರರಲ್ಲೂ ಗಾಡ್ಜಿಲ್ಲಾನ ಕೆಲಸ ಕಡಿಮೆ. ಯುದ್ಧ ಮುಗಿದು ಒಂಬತ್ತೇ ವರ್ಷ ಆಗಿತ್ತು ಅನ್ನೋದನ್ನು ಮರೆಯಬೇಡಿ.

ನಮ್ಮಂಥ ಇಂಜಿನಿಯರಿಂಗ್ ಓದಿದವರಿಗೆ ಮುಖ್ಯ ಪಾತ್ರ ಡಾ. ಸೆರಿಜಾವಾ. ಗಾಡ್ಜಿಲ್ಲಾನನ್ನು ಕೊಲ್ಲಬಲ್ಲ ಸಾಧನ ಅವರ ಪ್ರಯೋಗಾಲಯದಲ್ಲಿದೆ. ಅದನ್ನು ಒಮ್ಮೆ ತೋರಿಸಿದರೆ ಸರ್ಕಾರಗಳು ಆಯುಧ ಮಾಡುತ್ತವೆ ಅಂತಲೂ ಅವರಿಗೆ ಗೊತ್ತು. ಅವರು ಟಿಪ್ಪಣಿಗಳನ್ನೆಲ್ಲ ಸುಟ್ಟು, ಸಾಧನದ ಜತೆ ತಾವೂ ಕಡಲಲ್ಲಿ ಉಳಿಯುತ್ತಾರೆ. ಈ ಪ್ರಶ್ನೆಯ ಮೇಲೆ ನಾವು ಚಿತ್ರಕ್ಕಿಂತ ಹೆಚ್ಚು ಹೊತ್ತು ವಾದ ಮಾಡಿದೆವು, ಒಮ್ಮತಕ್ಕೆ ಬರಲಿಲ್ಲ.

ಕರಾವಳಿಯ ಗೆಳೆಯನೊಬ್ಬ ಒಂದು ಹೋಲಿಕೆ ಕೊಟ್ಟ. ಯಕ್ಷಗಾನದಲ್ಲಿ ರಕ್ಕಸನ ಬಣ್ಣದ ವೇಷ ಒಮ್ಮೆಗೇ ಎದುರಿಗೆ ಬರಲ್ಲ. ಮೊದಲು ತೆರೆಯ ಹಿಂದಿನಿಂದ ಆರ್ಭಟ, ಆಮೇಲೆ ಕಿರೀಟದ ಅಂಚು, ಕೊನೆಗೆ ಮುಖ. ಹೊಂಡಾ ಮಾಡಿದ್ದೂ ಅದನ್ನೇ. ಮೊದಲು ಹೆಜ್ಜೆಯ ಸದ್ದು, ಆಮೇಲೆ ಗುಡ್ಡದ ಆಚೆಯಿಂದ ತಲೆ. ಆ ಆರ್ಭಟವೂ ಕೈಕೆಲಸವೇ. ಸಂಗೀತಕಾರ ಅಕಿರಾ ಇಫುಕುಬೆ ದೊಡ್ಡ ಕಾಂಟ್ರಾಬಾಸ್ ವಾದ್ಯದ ತಂತಿಯನ್ನು ಅಂಟು ಸವರಿದ ಚರ್ಮದ ಕೈಗವಸಿನಿಂದ ಉಜ್ಜಿಸಿ, ಆ ಧ್ವನಿಯ ವೇಗ ಇಳಿಸಿ ಮಾಡಿದ್ದು.

ಆ ದೋಣಿ ಇವತ್ತಿಗೂ ಇದೆ. ಶಿನ್-ಉರಯಾಸುವಿನಿಂದ ಕೇಯೊ ಲೈನಿನಲ್ಲಿ ಮೂರನೇ ಸ್ಟೇಷನ್ ಶಿನ್-ಕಿಬಾದಲ್ಲಿ ಇಳಿದು ನಡೆದರೆ ಯುಮೆನೊಶಿಮಾ. ಊರಿನ ಕಸ ತುಂಬಿ ಮಾಡಿದ ದ್ವೀಪ ಅದು. 1967ರಲ್ಲಿ ದೋಣಿಯನ್ನೂ ಅಲ್ಲೇ ಬಿಸಾಡಿದ್ದರು. ಜನ ಹೋರಾಡಿ ಉಳಿಸಿಕೊಂಡರು, 1976ರಲ್ಲಿ ಪ್ರದರ್ಶನಾಲಯ ತೆರೆಯಿತು. ಚಿತ್ರ ನೋಡಿದ ಮರುದಿನ ಹೋಗಿ ಆ ಮರದ ದೋಣಿಯ ಕೆಳಗೆ ನಿಂತುಕೊಳ್ಳಿ. ಪ್ರವೇಶ ಉಚಿತ.

ಪಾಠ 2: ‘ಮೊಥ್ರಾ ವಿರುದ್ಧ ಗಾಡ್ಜಿಲ್ಲಾ’ (1964) ಮತ್ತು ತುಂಬಿಸಿದ ನೆಲ

ಇದು ಬಣ್ಣದ ಚಿತ್ರ, ಕಥೆಯೂ ಹಗುರ. ಚಂಡಮಾರುತಕ್ಕೆ ಒಂದು ದೈತ್ಯ ಮೊಟ್ಟೆ ದಡಕ್ಕೆ ಬರುತ್ತೆ. ಒಬ್ಬ ವ್ಯಾಪಾರಿ ಕೋಳಿಮೊಟ್ಟೆಯ ದರದಲ್ಲಿ ಲೆಕ್ಕ ಹಾಕಿ ಅದನ್ನು ಮೀನುಗಾರರಿಂದ ಕೊಂಡು, ಅದರ ಸುತ್ತ ಮನರಂಜನೆಯ ಪಾರ್ಕ್ ಕಟ್ಟಲು ಹೊರಡುತ್ತಾನೆ. ಇನ್ನೊಂದು ಕಡೆ, ಕಡಲು ತುಂಬಿಸಿ ಕೈಗಾರಿಕೆಗೆ ಅಂತ ಮಾಡುತ್ತಿದ್ದ ನೆಲದ ಕೆಸರಿನೊಳಗಿಂದ ಗಾಡ್ಜಿಲ್ಲಾ ಏಳುತ್ತಾನೆ.

ಮೀನುಗಾರರು, ಕೊಳ್ಳುವ ಕಂಪನಿ, ತುಂಬಿಸಿದ ಕಡಲು, ಮನರಂಜನೆಯ ಪಾರ್ಕ್. ಉರಯಾಸುವಿನಲ್ಲಿ ಕೂತವರಿಗೆ ಇದನ್ನು ನೋಡಿ ನಗು ಬರುತ್ತೆ, ಆಮೇಲೆ ನಿಲ್ಲುತ್ತೆ. ಉರಯಾಸುವಿನ ಕಡಲು ತುಂಬುವ ಕೆಲಸ ಶುರುವಾದದ್ದೂ ಅದೇ 1964ರಲ್ಲಿ. ಡಿಸ್ನಿಲ್ಯಾಂಡ್ ತೆರೆದದ್ದು 1983ರ ಏಪ್ರಿಲ್ 15. ಚಿತ್ರದವರು ಈ ಊರನ್ನೇ ನೋಡಿ ಬರೆದರು ಅಂತ ನಾವು ಹೇಳುತ್ತಿಲ್ಲ. ಆ ದಶಕದಲ್ಲಿ ಜಪಾನಿನ ಕರಾವಳಿಯ ಉದ್ದಕ್ಕೂ ಇದೇ ಕಥೆ ನಡೀತಿತ್ತು.

ಇಲ್ಲಿ ಒಂದು ಮನೆಗೆಲಸದ ಲೆಕ್ಕ. 1954ರ ಗಾಡ್ಜಿಲ್ಲಾನ ತೂಕ 20,000 ಟನ್ ಅಂತ ಹೇಳುತ್ತಾರೆ. ಪಾದ 10 ಮೀಟರ್ ಉದ್ದ, 6 ಮೀಟರ್ ಅಗಲ ಅಂತ ಇಟ್ಟುಕೊಳ್ಳೋಣ. ಒಂದು ಕಾಲೆತ್ತಿದಾಗ ಇನ್ನೊಂದರ ಕೆಳಗೆ ಚದರ ಮೀಟರಿಗೆ 333 ಟನ್ ಭಾರ. ಗಟ್ಟಿ ಮಾಡದ ಮೆತ್ತನೆ ಮರಳುನೆಲ 10 ಟನ್ ತಾಳಿಕೊಂಡರೆ ಹೆಚ್ಚು. ಆದ್ದರಿಂದ ಗಾಡ್ಜಿಲ್ಲಾ ಉರಯಾಸುವಿಗೆ ಬಂದರೆ ಊರು ತುಳಿಯುವ ಮೊದಲು ಹೂತುಹೋಗುತ್ತಾನೆ!

ನೆಲ ಕೈಕೊಡುವುದು ಇಲ್ಲಿ ಬರೀ ತಮಾಷೆಯ ವಿಷಯವಲ್ಲ. 2011ರ ಮಾರ್ಚ್ 11ರ ಭೂಕಂಪದಲ್ಲಿ ನಗರದ ಸುಮಾರು ಶೇ. 85 ಭಾಗದಲ್ಲಿ ಮಣ್ಣು ದ್ರವದಂತಾಯಿತು. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದು ನಿಲ್ಲುತ್ತೆ. ಮನೆಗಳು ವಾಲಿದವು, ಒಳಗೆ ಹೂತಿದ್ದ ಮ್ಯಾನ್‌ಹೋಲ್‌ಗಳು ಮೇಲಕ್ಕೆ ಎದ್ದವು. ಅಂಥ ಒಂದನ್ನು ತಕಾಸು ಕೇಂದ್ರ ಉದ್ಯಾನದಲ್ಲಿ ನೆನಪಿಗಾಗಿ ಹಾಗೇ ಬಿಟ್ಟಿದ್ದಾರೆ. ಮರಳಿನ ಕಂಬಗಳನ್ನು ಒತ್ತಿ ಮೊದಲೇ ನೆಲ ಗಟ್ಟಿ ಮಾಡಿದ್ದ ಡಿಸ್ನಿಲ್ಯಾಂಡಿನ ಒಳಭಾಗ ಬಹುಮಟ್ಟಿಗೆ ಉಳಿಯಿತು, ಹಳೆಯ ಮೀನುಗಾರರ ಕೇರಿಯ ನೆಲವೂ ಉಳಿಯಿತು.

ಪಾಠ 3: ‘ಗಾಡ್ಜಿಲ್ಲಾ ವಿರುದ್ಧ ಹೆದೊರಾ’ (1971) ಮತ್ತು ಕೊಳಚೆ

ಜಪಾನಿ ಭಾಷೆಯಲ್ಲಿ ಹೆದೊರೊ ಅಂದರೆ ತಳದಲ್ಲಿ ಕೂತ ಕೊಳಕು ಕೆಸರು. ಆಗ ಫುಜಿ ಪರ್ವತದ ಹತ್ತಿರದ ತಗೊನೊಉರಾ ಬಂದರಿನಲ್ಲಿ ಕಾಗದ ಕಾರ್ಖಾನೆಗಳ ಕೆಸರು ತುಂಬಿ ದೇಶವೆಲ್ಲ ಸುದ್ದಿಯಾಗಿತ್ತು. ನಿರ್ದೇಶಕ ಯೊಶಿಮಿತ್ಸು ಬನ್ನೊ ಅದಕ್ಕೇ ಜೀವ ಕೊಟ್ಟರು. ಕೊಳಚೆ ತಿಂದು ಬೆಳೆಯುವ ಹೆದೊರಾ ಮೊದಲು ಗೊದಮೊಟ್ಟೆ ಮರಿಯಂತೆ ಈಜುತ್ತೆ, ಆಮೇಲೆ ನೆಲಕ್ಕೆ ಹತ್ತುತ್ತೆ, ಕೊನೆಗೆ ಹಾರುತ್ತೆ. ಅದು ಬಿಟ್ಟ ಆಮ್ಲದ ಹೊಗೆಗೆ ಜನ ಕರಗಿಹೋಗುತ್ತಾರೆ. ಕೊನೆಯಲ್ಲಿ ದೊಡ್ಡ ವಿದ್ಯುದ್ವಾರಗಳ ನಡುವೆ ಅದನ್ನು ಒಣಗಿಸುತ್ತಾರೆ. ಕೆಸರಿಗೆ ವಿದ್ಯುತ್ ಹಾಯಿಸಿ ನೀರು ಹಿಂಡುವ ವಿಧಾನ ನಿಜವಾಗಿಯೂ ಇದೆ, ಸಿವಿಲ್ ಓದಿದವರಿಗೆ ಗೊತ್ತಿರುತ್ತೆ.

ಚಿತ್ರ ಬಂದದ್ದು 1971ರ ಜುಲೈ 24. ಅದೇ ತಿಂಗಳು ಜಪಾನಿನ ಪರಿಸರ ಇಲಾಖೆ ಶುರುವಾಯಿತು. ಉರಯಾಸುವಿನ ಮೀನುಗಾರರು ಕಡಲನ್ನು ಪೂರ್ತಿ ಬಿಟ್ಟುಕೊಟ್ಟದ್ದೂ ಅದೇ ವರ್ಷ. ಎಲ್ಲ ಮುಗಿದ ಮೇಲೆ ಗಾಡ್ಜಿಲ್ಲಾ ತಿರುಗಿ ಮನುಷ್ಯರನ್ನು ಒಮ್ಮೆ ದುರುಗುಟ್ಟಿ ನೋಡಿ ಹೋಗುತ್ತಾನೆ. ನಮ್ಮ ಕೋಣೆಯಲ್ಲಿ ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಬೆಂಗಳೂರಿನವರಿಗೆ ಹೆದೊರಾ ಯಾರು ಅಂತ ಹೇಳಬೇಕಾಗಿಲ್ಲ. ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಗೆ, ವಾಹನಗಳ ಮೇಲೆ ಬೀಳುತ್ತಿದ್ದುದನ್ನು ನೋಡಿದ್ದೇವೆ. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯಲ್ಲಿ ಎದ್ದ ಬೆಂಕಿ ನಂದಿಸಲು ಸೈನಿಕರೂ ಇಳಿಯಬೇಕಾಯಿತು. ಶುದ್ಧಿ ಮಾಡದ ಚರಂಡಿ ನೀರು, ಸಾಬೂನು ಪುಡಿ, ಕಸ, ಎಲ್ಲ ನಮ್ಮ ನಮ್ಮ ಮನೆಗಳಿಂದ ಹೋದದ್ದೇ. ಹೊನ್ಶು ಕಾರ್ಖಾನೆಯ ಮುಂದೆ ನಿಂತು ಬೈಯಲು ಮೀನುಗಾರರಿಗೆ ಒಂದು ಗೇಟ್ ಇತ್ತು. ಬೆಳ್ಳಂದೂರಿನಲ್ಲಿ ಆ ಗೇಟ್ ಎಲ್ಲಿದೆ? ಇಂಜಿನಿಯರಿಂಗ್ ಮುಗಿಸಿ ಊರಿಗೆ ಮರಳಬೇಕೆಂದಿರುವ ನಮಗೆ ಈ ಚಿತ್ರ ಕೇಳುವ ಪ್ರಶ್ನೆ ಇದು.

ಸೇರಿ ನೋಡುವವರಿಗೆ ಕೆಲವು ಸೂಚನೆ

1954ರ ಚಿತ್ರವನ್ನು ಜಪಾನಿ ಮೂಲದಲ್ಲೇ, ಸಬ್‌ಟೈಟಲ್ ಹಾಕಿ ನೋಡಿ. 1956ರ ಅಮೆರಿಕನ್ ಆವೃತ್ತಿಯಲ್ಲಿ ರೇಮಂಡ್ ಬರ್ ಅವರ ದೃಶ್ಯ ಸೇರಿಸಿ, ಬಾಂಬಿನ ಮಾತುಗಳನ್ನು ಬಹಳ ಕತ್ತರಿಸಿದ್ದಾರೆ.

ಚಿತ್ರಕ್ಕೆ ಮುಂಚೆ ಐದು ನಿಮಿಷ ಒಬ್ಬರು ಆ ವರ್ಷ ಏನಾಗಿತ್ತು ಅಂತ ಹೇಳಲಿ. ಚಿತ್ರ ಓಡುವಾಗ ತಮಾಷೆ ಮಾಡಬಹುದು, ಆದರೆ ಜನ ಸಾಯುವ ದೃಶ್ಯದಲ್ಲಿ ಬೇಡ.

ಉರಯಾಸುವಿಗೆ ಬಂದರೆ ನಗರದ ಸ್ಥಳೀಯ ಇತಿಹಾಸ ವಸ್ತುಸಂಗ್ರಹಾಲಯ ನೋಡಿ. 1952ರ ಮೀನುಗಾರರ ಕೇರಿಯನ್ನು ಅಲ್ಲಿ ಮರಳಿ ಕಟ್ಟಿದ್ದಾರೆ.

ಮೂರೂ ಮುಗಿದ ಮೇಲೆ ‘ಶಿನ್ ಗೊಜಿರಾ’ (2016) ಮತ್ತು ‘ಗಾಡ್ಜಿಲ್ಲಾ ಮೈನಸ್ ಒನ್’ (2023) ನೋಡಿ. ಎರಡನೆಯದಕ್ಕೆ 2024ರಲ್ಲಿ ದೃಶ್ಯ ಪರಿಣಾಮಕ್ಕಾಗಿ ಆಸ್ಕರ್ ಬಂತು.

ಚರ್ಚೆಗೆ ಪ್ರಶ್ನೆಗಳು

1. ಸೆರಿಜಾವಾ ಟಿಪ್ಪಣಿ ಸುಟ್ಟದ್ದು ಸರಿಯೇ? ನಿಮ್ಮ ಪ್ರಬಂಧದ ವಿಷಯಕ್ಕೆ ಇದೇ ಪ್ರಶ್ನೆ ಬಂದರೆ?

2. ನಿಮ್ಮ ಮಾದರಿ 1:16 ಆದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕು?

3. ಮೀನುಗಾರಿಕೆ ಹಕ್ಕು ಬಿಟ್ಟವರಿಗೆ ಪರಿಹಾರದ ಹಣ ಸಿಕ್ಕಿತು. ಆ ಹಣಕ್ಕೆ ಯಾವುದು ಸಿಗಲಿಲ್ಲ?

4. ನಿಮ್ಮ ಊರಿನ ಕೆರೆ ಅಥವಾ ಹೊಳೆಯಿಂದ ಒಂದು ಕೈಜು ಎದ್ದು ಬಂದರೆ ಅದು ಏನು ತಿಂದು ಬೆಳೆದಿರುತ್ತೆ? ಒಂದು ಪುಟದಲ್ಲಿ ಬರೆದು ಮುಂದಿನ ಸಂಚಿಕೆಗೆ ಕಳಿಸಿ.